ಎಫ್‌ವೈ ಬಯಾಲಜಿ ಸ್ಟಡಿ ಗ್ರೂಪ್: ಮಾತಾಡುವವಳು ನಾನೊಬ್ಬಳೇ ಆಗಿದ್ದೇನೆ, ಏನು ಮಾಡಲಿ?

ಡೊಂಬಿವಲಿ_ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಮುಂಬೈಯಲ್ಲಿ ಎಸ್‌ವೈ ಬಿಎಸ್‌ಸಿ ಓದುತ್ತಿದ್ದೇನೆ (ಇಲ್ಲಿ ಎಫ್‌ವೈ ಅಂದರೆ ಮೊದಲ ವರ್ಷ, ಎಸ್‌ವೈ ಎರಡನೇ ವರ್ಷ, ಟಿವೈ ಮೂರನೇ ವರ್ಷ), ಬಾಟನಿ ತೆಗೆದುಕೊಂಡಿದ್ದೇನೆ. ಮನೆ ಡೊಂಬಿವಲಿ, ಊರು ಕುಂದಾಪುರದ ಹತ್ತಿರ. ಇಲ್ಲಿ ಪಾಠ ಮಾಡುವವರು, ಸೈನ್ಸ್ ಓದಿದವರು ಬಹಳ ಮಂದಿ ಇದ್ದೀರಿ ಅಂತ ಗೊತ್ತು. ಅದಕ್ಕೇ ಕೇಳುತ್ತಿದ್ದೇನೆ.

ನಮ್ಮ ಡಿಪಾರ್ಟ್‌ಮೆಂಟಿನ ಮೇಡಂ ಜುಲೈಯಲ್ಲಿ ನನ್ನನ್ನು ಕರೆದು, "ವಾರಕ್ಕೊಮ್ಮೆ ಎಫ್‌ವೈ ಮಕ್ಕಳ ಜೊತೆ ಒಂದು ಗಂಟೆ ಕೂತುಕೋ. ನೀನು ಕಳೆದ ವರ್ಷವಷ್ಟೇ ಇದನ್ನು ಓದಿದ್ದೀಯ, ಎಲ್ಲಿ ಎಡವುತ್ತಾರೆ ಅಂತ ನಮಗಿಂತ ನಿನಗೆ ಚೆನ್ನಾಗಿ ಗೊತ್ತು" ಅಂದರು. ದುಡ್ಡಿಲ್ಲ, ಮಾರ್ಕ್ಸೂ ಇಲ್ಲ. ನಾನು ಖುಷಿಯಿಂದ ಒಪ್ಪಿಕೊಂಡೆ. ಮೊದಲ ಸೆಮಿಸ್ಟರ್‌ನಲ್ಲಿ ಸೆಲ್ ಬಯಾಲಜಿ ನನಗೂ ತಲೆಗೆ ಹತ್ತಿರಲಿಲ್ಲ. ನಾವು ಮೂವರು ಹುಡುಗಿಯರು ದಿನಾ ಟ್ರೈನಿನ ಲೇಡೀಸ್ ಡಬ್ಬದಲ್ಲಿ ಒಬ್ಬರಿಗೊಬ್ಬರು ಪ್ರಶ್ನೆ ಹಾಕಿಕೊಳ್ಳುತ್ತಾ ಬರುತ್ತಿದ್ದೆವು. ಅದರಿಂದಲೇ ನನಗೆ ಕೆಟಿ ತಪ್ಪಿತು. (ಮುಂಬೈ ಹೊರಗಿನವರಿಗೆ: ಕೆಟಿ ಅಂದರೆ ಫೇಲಾದ ಪೇಪರನ್ನು ಬಾಕಿ ಇಟ್ಟುಕೊಂಡು ಮುಂದಿನ ಕ್ಲಾಸಿಗೆ ಹೋಗುವುದು.)

ಮಂಗಳವಾರ ಪ್ರಾಕ್ಟಿಕಲ್ ಮುಗಿದ ಮೇಲೆ ಮೂರೂವರೆಯಿಂದ ನಾಲ್ಕೂವರೆ ನಮ್ಮ ಹೊತ್ತು. ಮೊದಲ ವಾರ 14 ಜನ ಬಂದರು. ಬೆಂಚು ಸಾಲಲಿಲ್ಲ, ಪಕ್ಕದ ರೂಮಿನಿಂದ ತಂದೆವು. ಎರಡನೇ ವಾರ 11. ಈಗ ನಾಲ್ಕನೇ ವಾರ. 5 ಜನ.

ನಾನು ಮಾಡುವುದು ಇಷ್ಟು. ಹಿಂದಿನ ರಾತ್ರಿ ಕೂತು ತಯಾರಿ ಮಾಡಿಕೊಳ್ಳುತ್ತೇನೆ. ಬೋರ್ಡಿನ ಮೇಲೆ ಚಿತ್ರ ಬಿಡಿಸಿ ಒಂದೊಂದೇ ಹಂತ ವಿವರಿಸುತ್ತೇನೆ. ಅವರು ಬರೆದುಕೊಳ್ಳುತ್ತಾರೆ. ಕೊನೆಗೆ "ಅರ್ಥ ಆಯ್ತಾ?" ಅಂತ ಕೇಳುತ್ತೇನೆ. ಎಲ್ಲರೂ ತಲೆ ಆಡಿಸುತ್ತಾರೆ.

ಹೋದ ಮಂಗಳವಾರ ಮೈಟಾಸಿಸ್ (ಒಂದು ಕೋಶ ಒಡೆದು ತನ್ನಂಥದ್ದೇ ಎರಡಾಗುವುದು) ಹೇಳಿ ಮುಗಿಸಿದ ಮೇಲೆ ಒಂದು ಪ್ರಶ್ನೆ ಕೇಳಿದೆ. ಮನುಷ್ಯನ ಕೋಶದಲ್ಲಿ 46 ಕ್ರೋಮೋಸೋಮ್. ಡಿಎನ್‌ಎ ನಕಲಾದ ಮೇಲೆ, ಕೋಶ ಇನ್ನೂ ಒಡೆಯುವ ಮೊದಲು, ಕ್ರೋಮೋಸೋಮ್ ಎಷ್ಟು? ನಾಲ್ಕು ಜನ 92 ಅಂದರು. ಒಬ್ಬಳು ಸುಮ್ಮನಿದ್ದಳು. ಅರ್ಧ ಗಂಟೆ ಮೊದಲಷ್ಟೇ ನಾನು 46 ಅಂತ ಬೋರ್ಡಿನಲ್ಲಿ ಬರೆದಿದ್ದೆ! ಒಬ್ಬ ಹುಡುಗಿಯ ನೋಟ್‌ಬುಕ್ ನೋಡಿದೆ. ಸ್ಕೆಚ್ ಪೆನ್ನಿನಲ್ಲಿ ಎರಡು ಬಣ್ಣ ಹಾಕಿ, ಸ್ಕೇಲ್ ಇಟ್ಟು ಗೆರೆ ಎಳೆದು, ಎಷ್ಟು ಚೆಂದ ಬಿಡಿಸಿದ್ದಾಳೆ ಅಂದರೆ ನನ್ನ ಜರ್ನಲ್ಲೂ ಹಾಗಿಲ್ಲ. ಅವಳೂ 92 ಅಂದಳು. ಮನೆಗೆ ಹೋಗುವಾಗ ಟ್ರೈನಿನಲ್ಲಿ ನನಗೆ ಅಳು ಬಂತು.

ಇನ್ನೂ ಎರಡು ವಿಷಯ. ಕಲ್ಯಾಣ, ಬದ್ಲಾಪುರ ಕಡೆಯ ಮಕ್ಕಳು ನಾಲ್ಕು ಗಂಟೆಯಿಂದಲೇ ಗಡಿಯಾರ ನೋಡುತ್ತಾರೆ. ಸಂಜೆ ಐದರ ಮೇಲೆ ಗಾಡಿ ಹತ್ತುವುದು ಎಷ್ಟು ಕಷ್ಟ ಅಂತ ನನಗೂ ಗೊತ್ತು. ಮತ್ತೆ ಭಾಷೆ. ಸುಮ್ಮನಿರುವ ಆ ಹುಡುಗಿ ನಮ್ಮವಳೇ. ಹತ್ತನೇ ತನಕ ಕನ್ನಡ ಮೀಡಿಯಂನಲ್ಲಿ ಓದಿದ್ದಾಳೆ. ಮೆಟ್ಟಿಲ ಹತ್ತಿರ ನನ್ನ ಜೊತೆ ಕನ್ನಡದಲ್ಲಿ ಬಾಯಿ ತುಂಬಾ ಮಾತಾಡುತ್ತಾಳೆ, ರೂಮಿನೊಳಗೆ ಬಾಯಿ ಬಿಡುವುದಿಲ್ಲ.

ಈ ಗುಂಪು ನಿಲ್ಲಬಾರದು ಅಂತ ನನಗೆ ತುಂಬಾ ಆಸೆ. ದಯವಿಟ್ಟು ಹೇಳಿ, ಎಲ್ಲಿ ತಪ್ಪುತ್ತಿದ್ದೇನೆ?

ಪುಣೆ_ಬಾಟನಿ

ತಂಗಿ, ನಾನು ಧಾರವಾಡದ ಕಡೆಯವಳು, ಪುಣೆಯಲ್ಲಿ ಬಾಟನಿ ಕಲಿಸುತ್ತೇನೆ. ಇಂಥ ಗುಂಪುಗಳನ್ನು ಕೆಲವು ವರ್ಷ ಹತ್ತಿರದಿಂದ ನೋಡಿದ್ದೇನೆ.

ಮೊದಲು ಸಂಖ್ಯೆ ವಿಷಯ. ಐದಕ್ಕೆ ಇಳಿಯಿತು ಅಂತ ಬೇಜಾರು ಮಾಡಿಕೊಳ್ಳಬೇಡ. ಇಂಥ ಗುಂಪಿಗೆ 14 ಜನವೇ ಜಾಸ್ತಿ. ಸೀನಿಯರ್ ಹುಡುಗರೇ ಮುಂದೆ ನಿಂತು ಗುಂಪು ನಡೆಸುವ ಒಂದು ಕ್ರಮ 1990ರ ಸುಮಾರಿಗೆ ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಕ್ಲಾಸಿಗೆ ಅಂತ ಶುರುವಾಯಿತು. ಆಮೇಲೆ ಬಯಾಲಜಿಗೂ ಬಂತು. ಅವರು ಒಂದು ಗುಂಪಿಗೆ ಆರರಿಂದ ಎಂಟು ಜನರನ್ನು ಮಾತ್ರ ಸೇರಿಸುತ್ತಾರೆ. ಐದು ಜನ ಇದ್ದಾರೆ ಅಂದರೆ ನಿನ್ನ ಗುಂಪು ಈಗ ಸರಿಯಾದ ಅಳತೆಯ ಹತ್ತಿರ ಬಂದಿದೆ. 14 ಜನ ವಾಪಸ್ ಬಂದರೆ ಇನ್ನೊಬ್ಬ ಸೀನಿಯರ್ ಕರೆದುಕೊಂಡು ಎರಡು ಮಾಡು.

ಇನ್ನು ನಿನ್ನ ಮುಖ್ಯ ಪ್ರಶ್ನೆ. ತಪ್ಪು ಎಲ್ಲಿ ಅಂದರೆ, ಚಾಕ್‌ಪೀಸ್ ನಿನ್ನ ಕೈಯಲ್ಲಿದೆ. ಕಾಲೇಜಿನಲ್ಲಿ ಲೆಕ್ಚರ್ ಕೊಡುವವರು ಈಗಾಗಲೇ ಇದ್ದಾರೆ. ಅದೇ ಪಾಠವನ್ನು ಮೂರೂವರೆಗೆ ಸುಸ್ತಾದ ಮಕ್ಕಳ ಮುಂದೆ ಇನ್ನೊಮ್ಮೆ ಮಾಡಿದರೆ ಅವರಿಗೆ ಬೇಕಾದದ್ದು ಸಿಗುವುದಿಲ್ಲ. ನೀನು ರಾತ್ರಿ ಕೂತು ತಯಾರಿ ಮಾಡುವಾಗ ಕಲಿಯುತ್ತಿರುವುದು ಯಾರು? ನೀನು. ಚಿತ್ರ ಬಿಡಿಸುವಾಗ, ಮಾತು ಹುಡುಕುವಾಗ ನಿನ್ನ ತಲೆ ಓಡುತ್ತದೆ. ಅವರ ಕೈ ಮಾತ್ರ ಓಡುತ್ತದೆ. ಆ ಸ್ಕೆಚ್ ಪೆನ್ ಹುಡುಗಿ ನಿನ್ನ ಚಿತ್ರವನ್ನು ನಕಲು ಮಾಡಿದ್ದಾಳೆ, ಕ್ರೋಮೋಸೋಮನ್ನು ಇನ್ನೂ ನೋಡಿಲ್ಲ.

ನೀನು ಲೇಡೀಸ್ ಡಬ್ಬದಲ್ಲಿ ಮಾಡಿದ್ದೇ ಸರಿಯಾದದ್ದು. ಅಲ್ಲಿ ಬೋರ್ಡಿರಲಿಲ್ಲ, ನೋಟ್ಸ್ ಇರಲಿಲ್ಲ, ಯಾರೂ ಟೀಚರ್ ಇರಲಿಲ್ಲ. ಪ್ರಶ್ನೆ ಇತ್ತು, ಮೂರು ಬಾಯಿ ಇತ್ತು. ಸೆಂಟ್ರಲ್ ಲೈನಿನ ಗಾಡಿಗಳಲ್ಲಿ ಭಜನೆ ಮಂಡಳಿಯವರು ಕೂತು ಹಾಡುತ್ತಾರಲ್ಲ, ಒಬ್ಬರು ಸಾಲು ಎತ್ತುತ್ತಾರೆ, ಉಳಿದವರೆಲ್ಲ ಹಿಡಿಯುತ್ತಾರೆ. ನಿನ್ನ ಕೆಲಸ ಸಾಲು ಎತ್ತುವುದು ಅಷ್ಟೇ.

ಮುಂದಿನ ಮಂಗಳವಾರ ಹೀಗೆ ಮಾಡಿ ನೋಡು. ಉಣ್ಣೆ ದಾರ ತಗೊಂಡು ಹೋಗು, ಒಂದು ಕೆಂಪು ಉಂಡೆ, ಒಂದು ನೀಲಿ ಉಂಡೆ. ಒಂದು ಕತ್ತರಿ. ಕೆಂಪು ತಾಯಿಯಿಂದ ಬಂದದ್ದು, ನೀಲಿ ತಂದೆಯಿಂದ. ಎರಡೂ ಬಣ್ಣದಲ್ಲಿ ಒಂದು ಉದ್ದ ದಾರ, ಒಂದು ಗಿಡ್ಡ ದಾರ. ಒಟ್ಟು ನಾಲ್ಕು ದಾರ, ಎರಡು ಜೋಡಿ. ಡೆಸ್ಕಿನ ಮೇಲೆ ಚಾಕಿನಿಂದ ದೊಡ್ಡ ಸುತ್ತು ಹಾಕಲಿ, ಅದು ಕೋಶ. ಮನುಷ್ಯನ 46 ಬೇಡ, ಈರುಳ್ಳಿಯ 16 ಕೂಡ ಬೇಡ, ನಾಲ್ಕು ಸಾಕು. ಕೈಗೆ ಸಿಗುವಷ್ಟಿರಬೇಕು.

ಈಗ "ಡಿಎನ್‌ಎ ನಕಲಾಗಲಿ" ಅನ್ನು. ಅನ್ನು, ಸುಮ್ಮನಿರು. ಅವರೇ ಇನ್ನೂ ನಾಲ್ಕು ದಾರ ಕತ್ತರಿಸಬೇಕು. ಉದ್ದ ಕೆಂಪಿಗೆ ಉದ್ದ ಕೆಂಪು, ಗಿಡ್ಡ ನೀಲಿಗೆ ಗಿಡ್ಡ ನೀಲಿ. ಎರಡೆರಡನ್ನು ನಡುವೆ ಒಂದು ಸಡಿಲ ಗಂಟಿನಿಂದ ಸೇರಿಸಲಿ. ಆ ಗಂಟು ಸೆಂಟ್ರೋಮಿಯರ್. ಯಾರಾದರೂ ಒಬ್ಬರು ಕೆಂಪನ್ನೂ ನೀಲಿಯನ್ನೂ ಸೇರಿಸಿ ಗಂಟು ಹಾಕೇ ಹಾಕುತ್ತಾರೆ. ಆಗ ಬಾಯಿ ಬಿಡಬೇಡ! ಪಕ್ಕದವರು ನೋಡಲಿ, ಅವರು ಹೇಳಲಿ. ಒಂದು ನಿಮಿಷ ಯಾರೂ ಮಾತಾಡದಿದ್ದರೂ ಪರವಾಗಿಲ್ಲ. ಆ ಮೌನ ನಿನಗೆ ಬಹಳ ಉದ್ದ ಅನಿಸುತ್ತದೆ, ಅವರಿಗೆ ಅನಿಸುವುದಿಲ್ಲ, ಅವರು ಯೋಚನೆ ಮಾಡುತ್ತಿರುತ್ತಾರೆ.

ಆಮೇಲೆ ಎರಡೇ ಪ್ರಶ್ನೆ. ಗಂಟು ಎಷ್ಟು? ದಾರ ಎಷ್ಟು? ಗಂಟು ನಾಲ್ಕು, ದಾರ ಎಂಟು. ಕ್ರೋಮೋಸೋಮ್ ಎಣಿಸುವುದು ಗಂಟಿನ ಲೆಕ್ಕದಲ್ಲಿ, ಕ್ರೋಮ್ಯಾಟಿಡ್ ಎಣಿಸುವುದು ದಾರದ ಲೆಕ್ಕದಲ್ಲಿ. ಮನುಷ್ಯನಲ್ಲಿ 46 ಗಂಟು, 92 ದಾರ. ನಿನ್ನ ನಾಲ್ಕು ಮಕ್ಕಳು ದಾರ ಎಣಿಸಿದ್ದಾರೆ, ಅಷ್ಟೇ. ಅವರಿಗೆ ಏನೂ ಗೊತ್ತಿಲ್ಲ ಅಂತಲ್ಲ. ಇನ್ನು ಗಂಟು ಬಿಚ್ಚಿ ದಾರಗಳನ್ನು ಎರಡು ಕಡೆಗೆ ಎಳೆದಾಗ ಎಷ್ಟಾಗುತ್ತದೆ ಅಂತ ನಾನು ಇಲ್ಲಿ ಬರೆಯುವುದಿಲ್ಲ. ಮಕ್ಕಳೇ ಎಣಿಸಲಿ. ಆಮೇಲೆ ಅದೇ ದಾರದಲ್ಲಿ ಮಿಯಾಸಿಸ್ (ಕೋಶ ಎರಡು ಸಲ ಒಡೆದು ಕ್ರೋಮೋಸೋಮ್ ಅರ್ಧವಾಗುವುದು) ಮಾಡಿಸು. ಮೊದಲ ಸಲ ಒಡೆಯುವಾಗ ಗಂಟು ಬಿಚ್ಚಬಾರದು. ಪ್ರತಿ ಜೋಡಿಯಲ್ಲೂ ಕೆಂಪು ಒಂದು ಕಡೆ, ನೀಲಿ ಒಂದು ಕಡೆ, ಗಂಟಿನ ಸಮೇತ ಹೋಗಬೇಕು. ಯಾವ ಕೆಂಪು ಯಾವ ಕಡೆ ಅಂತ ಜಗಳ ಬರುತ್ತದೆ. ಉದ್ದದ ಕೆಂಪು ಎಡಕ್ಕೆ ಹೋದರೆ ಗಿಡ್ಡದ ಕೆಂಪೂ ಎಡಕ್ಕೇ ಹೋಗಬೇಕಾ? ಹೋಗಬೇಕಿಲ್ಲ. ಒಂದು ಜೋಡಿ ಹಂಚಿಹೋಗುವುದು ಇನ್ನೊಂದು ಜೋಡಿಯನ್ನು ನೋಡಿಕೊಂಡಲ್ಲ ಅನ್ನುವ ಮೆಂಡೆಲ್‌ನ ಎರಡನೇ ನಿಯಮ ಆ ಜಗಳದಲ್ಲೇ ಕೂತಿದೆ.

"ಅರ್ಥ ಆಯ್ತಾ" ಅನ್ನುವುದನ್ನು ಬಿಟ್ಟುಬಿಡು. ಯಾರೂ ಇಲ್ಲ ಅನ್ನುವುದಿಲ್ಲ. ಅದರ ಬದಲು ಕೊನೆಯ ಹತ್ತು ನಿಮಿಷ ನೋಟ್‌ಬುಕ್ ಮುಚ್ಚಿಸಿ, ಖಾಲಿ ಹಾಳೆ ಕೊಟ್ಟು, ನೆನಪಿದ್ದಷ್ಟು ಬಿಡಿಸಿ ಅನ್ನು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪರೀಕ್ಷೆ ಮಾಡಿದರು. ಒಂದು ಗುಂಪಿನವರು ಪಾಠವನ್ನು ಮತ್ತೆ ಮತ್ತೆ ಓದಿದರು. ಇನ್ನೊಂದು ಗುಂಪಿನವರು ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದಾಗ ನೆನಪಿನಿಂದ ಬರೆದವರು ಮುಂದೆ. ನಮ್ಮ ಮಕ್ಕಳಿಗೆ ಪರೀಕ್ಷೆ ಬರುವುದು ಐದು ನಿಮಿಷಕ್ಕಲ್ಲ, ತಿಂಗಳುಗಳ ಮೇಲೆ.

ಹೊತ್ತು ಬದಲಿಸು. ಐದರ ಗಾಡಿಯ ಭಯ ತಲೆಯಲ್ಲಿದ್ದರೆ ಯಾವ ಕ್ರೋಮೋಸೋಮೂ ಒಳಗೆ ಹೋಗುವುದಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿಗೆ ಮುಕ್ಕಾಲು ಗಂಟೆ ಸಿಗುತ್ತದಾ ನೋಡು.

ವಾಸ್ಕೋ_ಹುಡುಗ

ಅಕ್ಕ ಹೇಳಿದ್ದಕ್ಕೆ ನನ್ನದೊಂದು ಸೇರಿಸುತ್ತೇನೆ. ಆ ಸುಮ್ಮನಿರುವ ಹುಡುಗಿಯ ಬಗ್ಗೆ.

ನಾವು ಗದಗ ಕಡೆಯವರು. ಅಪ್ಪ ಕೆಲಸಕ್ಕೆ ಅಂತ ಗೋವಾಕ್ಕೆ ಬಂದರು, ನಾನು ಬೆಳೆದದ್ದು ವಾಸ್ಕೋದಲ್ಲಿ. ಏಳನೇ ತನಕ ಕನ್ನಡ ಮೀಡಿಯಂ. ಬಿಎಸ್‌ಸಿ ಮೊದಲ ವರ್ಷ ನಾನೂ ಹಾಗೇ ಕೂತಿರುತ್ತಿದ್ದೆ. ಗೊತ್ತಿಲ್ಲದೆ ಅಲ್ಲ. ಗೊತ್ತಿದ್ದದ್ದು ಇಂಗ್ಲಿಷ್ ಆಗಿ ಬಾಯಿಗೆ ಬರುವಷ್ಟರಲ್ಲಿ ಬೇರೆ ಯಾರೋ ಹೇಳಿ ಮುಗಿಸಿರುತ್ತಿದ್ದರು.

ನಮ್ಮ ಸೀನಿಯರ್ ಅಣ್ಣ ಒಬ್ಬ ಗುಂಪು ನಡೆಸುತ್ತಿದ್ದ, ಕೊಂಕಣಿಯವನು. ಒಂದು ದಿನ ಪ್ಲಾಸ್ಮಾಲಿಸಿಸ್, ಅಂದರೆ ನೀರು ಹೊರಗೆ ಹೋಗಿ ಕೋಶದ ಒಳಭಾಗ ಕುಗ್ಗುವುದನ್ನು, ನೋಡುತ್ತಿದ್ದೆವು. ರಿಯೋ ಗಿಡದ ಎಲೆ, ಕೆಳಗಡೆ ನೇರಳೆ ಬಣ್ಣ ಇರುತ್ತದಲ್ಲ, ಅದರ ತೆಳು ಸಿಪ್ಪೆ ಬ್ಲೇಡಿನಿಂದ ಎಬ್ಬಿಸಿ ಸ್ಲೈಡಿನ ಮೇಲೆ ಇಟ್ಟು, ಉಪ್ಪು ನೀರು ಹಾಕಿದೆವು. ಕಣ್ಣೆದುರೇ ನೇರಳೆ ಬಣ್ಣ ಕುಗ್ಗಿ ಕುಗ್ಗಿ ನಡುವೆ ಮುದ್ದೆಯಾಗುತ್ತದೆ. ಕೋಶದ ಗೋಡೆ ಹಾಗೇ ನಿಂತಿರುತ್ತದೆ. ಅಣ್ಣ ಕೇಳಿದ: ಗೋಡೆಗೂ ಕುಗ್ಗಿದ ಪೊರೆಗೂ ನಡುವೆ ಜಾಗ ಬಿಟ್ಟಿತಲ್ಲ, ಅಲ್ಲಿ ಏನಿದೆ?

ಒಬ್ಬ ಗಾಳಿ ಅಂದ. ಒಬ್ಬಳು ಏನೂ ಇಲ್ಲ, ಖಾಲಿ ಅಂದಳು. ಇನ್ನೊಬ್ಬ ಕೋಶದಿಂದ ಹೊರಬಂದ ನೀರು ಅಂದ. ಅಣ್ಣ, "ನಿಜ ಹೇಳಬೇಕು ಅಂದರೆ ನನಗೂ ಖಾತ್ರಿ ಇಲ್ಲ, ಸೇರಿ ಯೋಚಿಸೋಣ. ಯಾವ ಭಾಷೆಯಲ್ಲಾದರೂ ಹೇಳಿ" ಅಂದ. ನನಗೆ ಅಮ್ಮನ ಉಪ್ಪಿನಕಾಯಿ ನೆನಪಾಯಿತು. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿ ಇಟ್ಟರೆ ಮರುದಿನ ಭರಣಿಯಲ್ಲಿ ನೀರು ಬಿಟ್ಟಿರುತ್ತದೆ, ಹೋಳು ಸುಕ್ಕಾಗಿರುತ್ತದೆ. ಆದರೆ ಉಪ್ಪೂ ಹೋಳಿನೊಳಗೆ ಸೇರುತ್ತದಲ್ಲ? ಅಂದರೆ ಗೋಡೆ ಉಪ್ಪನ್ನು ತಡೆಯುವುದಿಲ್ಲ. ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ ಹೇಳಿದೆ. ಪಕ್ಕದವಳು ಅದನ್ನು ಹಿಡಿದುಕೊಂಡು, ಹಾಗಾದರೆ ತಡೆಯುವುದು ಪೊರೆ ಮಾತ್ರ, ಗೋಡೆ ಅಲ್ಲ, ಆದ್ದರಿಂದ ಆ ಜಾಗದಲ್ಲಿ ಹೊರಗಿನ ಉಪ್ಪು ನೀರೇ ತುಂಬಿರಬೇಕು ಅಂದಳು. ಅಣ್ಣ ಪುಸ್ತಕ ತೆಗೆದು ನೋಡಿದ. ಸರಿಯಾಗಿತ್ತು. ನನಗೆ ಆ ದಿನ ಮೈ ಜುಮ್ ಅಂದದ್ದು ಈಗಲೂ ನೆನಪಿದೆ. ಕಾಲೇಜಿಗೆ ಸೇರಿ ಮೂರು ತಿಂಗಳಲ್ಲಿ ಬಾಯಿ ಬಿಟ್ಟದ್ದು ಅದೇ ಮೊದಲು.

ಅಲ್ಲಿಂದ ನಮ್ಮ ಗುಂಪಿನಲ್ಲಿ ಹೀಗಾಯಿತು. ಯೋಚನೆ ಯಾವ ಭಾಷೆಯಲ್ಲಾದರೂ ಇರಲಿ. ಕೊಂಕಣಿ, ಮರಾಠಿ, ಕನ್ನಡ, ಹಿಂದಿ ಎಲ್ಲ ಓಡುತ್ತಿತ್ತು. ಆಸ್ಮೋಸಿಸ್, ಮೆಂಬ್ರೇನ್ ಅನ್ನುವ ಶಬ್ದಗಳನ್ನು ಮಾತ್ರ ಹಾಗೇ ಇಟ್ಟುಕೊಳ್ಳುವುದು. ಕೊನೆಗೆ ಪ್ರತಿಯೊಬ್ಬರೂ ಪರೀಕ್ಷೆಯಲ್ಲಿ ಬರೆಯುವ ಹಾಗೆ ಇಂಗ್ಲಿಷ್‌ನಲ್ಲಿ ಮೂರೇ ಸಾಲು ಬರೆಯಬೇಕು. ವಿಷಯ ಗೊತ್ತಿದ್ದ ಮೇಲೆ ಮೂರು ಸಾಲು ಇಂಗ್ಲಿಷ್ ಅಷ್ಟು ಕಷ್ಟ ಆಗುವುದಿಲ್ಲ.

ಆ ಹುಡುಗಿಗೆ ರೂಮಿನೊಳಗೂ ಕನ್ನಡದಲ್ಲೇ ಹೇಳು ಅನ್ನಿ. ಉಳಿದವರಿಗೆ ನೀವು ಹಿಂದಿಯಲ್ಲಿ ಹೇಳಿದರೆ ಆಯಿತು.

ಠಾಣೆ_ಟಿವೈ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಾನು ಮೈಕ್ರೋಬಯಾಲಜಿ ಟಿವೈ. ಮೊದಲ ವರ್ಷ ನಾವೂ ಗುಂಪು ಮಾಡಿಕೊಂಡಿದ್ದೆವು, ಸೀನಿಯರ್ ಇಲ್ಲದೆ, ನಾವು ನಾವೇ. ಗಿಡಗಳು ಹಗಲು ಫೋಟೋಸಿಂಥೆಸಿಸ್ ಮಾಡುತ್ತವೆ, ರಾತ್ರಿ ಮಾತ್ರ ಉಸಿರಾಡುತ್ತವೆ ಅಂತ ಒಬ್ಬ ಹೇಳಿದ. ಎಲ್ಲರೂ ಒಪ್ಪಿದೆವು. ಕೇಳಲು ಚೆನ್ನಾಗಿತ್ತು. ವೈವಾದಲ್ಲಿ ಸರ್ ಕೇಳಿದಾಗ ನಾಲ್ವರೂ ಅದನ್ನೇ ಹೇಳಿದೆವು, ನಾಲ್ವರದೂ ತಪ್ಪು. ಗಿಡ ಹಗಲೂ ರಾತ್ರಿ ಉಸಿರಾಡುತ್ತದೆ, ಹಗಲು ಫೋಟೋಸಿಂಥೆಸಿಸ್ ಜಾಸ್ತಿ ನಡೆಯುವುದರಿಂದ ಹೊರಗೆ ಕಾಣುವುದಿಲ್ಲ ಅಷ್ಟೇ. ಒಬ್ಬನೇ ಓದಿದ್ದರೆ ಒಬ್ಬನೇ ತಪ್ಪು ಮಾಡುತ್ತಿದ್ದೆ. ಗುಂಪಿನಲ್ಲಿ ತಪ್ಪೂ ಬೇಗ ಹರಡುತ್ತದೆ. ಇದಕ್ಕೆ ಏನು ಮಾಡುತ್ತೀರಿ?

ಇನ್ನೊಂದು, ಕೆಲವರು ಬರುವುದೇ ನೋಟ್ಸ್ ಫೋಟೋ ತೆಗೆದುಕೊಳ್ಳುವುದಕ್ಕೆ.

ಪುಣೆ_ಬಾಟನಿ

ಠಾಣೆಯವರ ಮಾತು ನೂರಕ್ಕೆ ನೂರು ಸರಿ. ಗುಂಪಿನ ಹಿಂದೆ ಒಬ್ಬ ಮೇಷ್ಟ್ರು ಇರಲೇಬೇಕು, ಆದರೆ ರೂಮಿನಲ್ಲಿ ಅಲ್ಲ. ನ್ಯೂಯಾರ್ಕಿನವರ ಕ್ರಮದಲ್ಲಿ ಗುಂಪು ನಡೆಸುವ ಹುಡುಗರು ಮೇಷ್ಟ್ರ ಜೊತೆ ಮೊದಲೇ ಕೂತು ಆ ವಾರದ ಪ್ರಶ್ನೆಗಳನ್ನು ತಾವೇ ಬಿಡಿಸಿ ನೋಡುತ್ತಾರೆ. 1973ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯ ಮಿಸೌರಿ ಯೂನಿವರ್ಸಿಟಿಯಲ್ಲಿ ಶುರುವಾದ ಇನ್ನೊಂದು ಕ್ರಮದಲ್ಲಿ ಸೀನಿಯರ್ ಹುಡುಗ ಅದೇ ಲೆಕ್ಚರಿಗೆ ಇನ್ನೊಮ್ಮೆ ಹೋಗಿ ಕೂರುತ್ತಾನೆ, ಈ ಸಲ ಏನು ಹೇಳಿದರು ಅಂತ ತಿಳಿಯಲು. ಎರಡರಲ್ಲೂ ಗುಂಪು ನಡೆಸುವವರು ಮಾರ್ಕ್ಸ್ ಹಾಕುವುದಿಲ್ಲ. ಅದು ಬಹಳ ಮುಖ್ಯ. ಮಾರ್ಕ್ಸ್ ಹಾಕುವವರ ಮುಂದೆ ಯಾರೂ ತಪ್ಪು ಹೇಳುವುದಿಲ್ಲ.

ನಮ್ಮಲ್ಲಿ ಒಂದು ನೂರು ಪೇಜಿನ ನೋಟ್‌ಬುಕ್ ಇಟ್ಟಿದ್ದೆವು. ಗುಂಪು ಒಪ್ಪಿಕೊಂಡ ಉತ್ತರವನ್ನೂ, ಜಗಳ ಮುಗಿಯದ ಪ್ರಶ್ನೆಯನ್ನೂ ಅದರಲ್ಲಿ ಬರೆಯುವುದು. ಶುಕ್ರವಾರ ಅದು ನನ್ನ ಟೇಬಲ್ಲಿಗೆ ಬರುತ್ತಿತ್ತು. ನಾನು ಎಡಗಡೆ ಪೇಜಿನಲ್ಲಿ ಪೆನ್ಸಿಲ್‌ನಿಂದ ಬರೆಯುತ್ತಿದ್ದೆ. ಉತ್ತರ ಪೂರ್ತಿ ಅಲ್ಲ, "ಎರಡನೇ ಸಾಲು ಮತ್ತೆ ನೋಡಿ" ಅಂತ ಅಷ್ಟು. ಆ ಉಸಿರಾಟದ ತಪ್ಪು ಮೊದಲ ಶುಕ್ರವಾರವೇ ಸಿಕ್ಕಿಬೀಳುತ್ತಿತ್ತು.

ವಾಸ್ಕೋ ತಮ್ಮಾ, ನಿನ್ನ ಉಪ್ಪಿನಕಾಯಿ ಕತೆ ಓದಿ ಬಹಳ ಸಂತೋಷವಾಯಿತು. ಯಾರಿಗೂ ಗೊತ್ತಿಲ್ಲದಿದ್ದರೂ ಗುಂಪು ಉತ್ತರಕ್ಕೆ ಬರಬಹುದಾ ಅಂತ ಅನುಮಾನ ಇರುವವರಿಗೆ: 2009ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಕೊಲೊರಾಡೋ ಯೂನಿವರ್ಸಿಟಿಯ ಜೆನೆಟಿಕ್ಸ್ ಕ್ಲಾಸಿನ ಮೇಲೆ ಒಂದು ಲೇಖನ ಬಂತು. ಪ್ರಶ್ನೆಗೆ ಮೊದಲು ಒಬ್ಬೊಬ್ಬರೇ ಉತ್ತರಿಸಿ, ಆಮೇಲೆ ಪಕ್ಕದವರ ಜೊತೆ ಮಾತಾಡಿ ಮತ್ತೆ ಉತ್ತರಿಸಿದರು. ನಂತರ ಅದೇ ತತ್ವದ ಬೇರೆ ಪ್ರಶ್ನೆಗೆ ಒಬ್ಬರೇ ಉತ್ತರಿಸಿದರು. ಮಾತಾಡಿದ ಮೇಲೆ ಎರಡನೇ ಪ್ರಶ್ನೆಯಲ್ಲೂ ಹೆಚ್ಚು ಜನ ಸರಿ ಮಾಡಿದರು. ಗುಂಪಿನಲ್ಲಿ ಮೊದಲು ಯಾರಿಗೂ ಸರಿ ಉತ್ತರ ಗೊತ್ತಿಲ್ಲದಿದ್ದ ಕಡೆಯೂ ಹಾಗೇ ಆಯಿತು. ಅಂದರೆ ಜಾಣ ಹುಡುಗನನ್ನು ನೋಡಿ ಉಳಿದವರು ನಕಲು ಹೊಡೆದದ್ದಲ್ಲ. ಮಾತಾಡುತ್ತಾ ಮಾತಾಡುತ್ತಾ ಹೊಳೆದದ್ದು.

ನೋಟ್ಸ್ ಫೋಟೋಗೆ ಬರುವವರ ಬಗ್ಗೆ ಯೋಚನೆ ಬೇಡ. ದಾರಕ್ಕೆ ಫೋಟೋ ತೆಗೆದು ಏನು ಮಾಡುತ್ತಾರೆ? ಕೂರುತ್ತಾರೆ, ಇಲ್ಲವೇ ಹೋಗುತ್ತಾರೆ.

ಡೊಂಬಿವಲಿ_ಹುಡುಗಿ

ಮೂರು ವಾರ ಆಯಿತು, ಹೇಳಬೇಕು ಅಂತ ಬಂದೆ. ಮೊದಲು ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್.

ಹೊತ್ತು ಬದಲಿಸಿದೆ. ಈಗ ಮಧ್ಯಾಹ್ನ ಹನ್ನೆರಡೂಕಾಲರಿಂದ ಒಂದು ಗಂಟೆಯ ತನಕ. ಡಬ್ಬಿ ತಿಂದುಕೊಂಡೇ ಕೂರುತ್ತಾರೆ. ಮೊದಲ ಸಲ ಐವರು, ಆಮೇಲೆ ಏಳು, ಈ ವಾರ ಎಂಟು. ಇಬ್ಬರು ಹುಡುಗರು ಮೊದಲ ವಾರ ಬಂದು ಬಿಟ್ಟವರು ಇನ್ನೂ ಬಂದಿಲ್ಲ. ಕ್ಯಾಂಟೀನಿನಲ್ಲಿ ಸಿಕ್ಕಾಗ ಕರೆದಿದ್ದೇನೆ.

ದಾರದ ದಿನದ ಬಗ್ಗೆ ಬರೆಯಲೇಬೇಕು. ಅಮ್ಮನ ಹಳೇ ಸ್ವೆಟರ್ ದಾರ ಬಿಚ್ಚಿ ತಂದಿದ್ದೆ, ಸುರುಳಿ ಸುರುಳಿ ಆಗಿತ್ತು. ನೋಡಲು ಕ್ರೋಮೋಸೋಮ್ ಹಾಗೇ ಇತ್ತು. ಕೆಂಪು ಇರಲಿಲ್ಲ, ಮೆರೂನ್ ಮತ್ತು ಹಸಿರು. ಪುಣೆ ಮೇಡಂ ಹೇಳಿದ ಹಾಗೇ ಒಬ್ಬ ಮೆರೂನಿಗೆ ಹಸಿರು ಗಂಟು ಹಾಕಿದ. ನಾನು ತುಟಿ ಕಚ್ಚಿಕೊಂಡು ಕೂತೆ. ಆ ಸುಮ್ಮನಿರುವ ಹುಡುಗಿ ಕೈ ಚಾಚಿ ಅವನ ಕೈಯಿಂದ ದಾರ ತೆಗೆದುಕೊಂಡು, ಗಂಟು ಬಿಚ್ಚಿ, ಮೆರೂನಿಗೆ ಮೆರೂನ್ ಹಾಕಿದಳು. ಮಾತಿಲ್ಲ. ಅವನು ಯಾಕೆ ಅಂದ. ಅವಳು ನನ್ನ ಕಡೆ ನೋಡಿದಳು. ನಾನು "ಕನ್ನಡದಲ್ಲೇ ಹೇಳು" ಅಂದೆ. "ನಕಲು ಅಂದ್ರೆ ತನ್ನ ಹಾಗೇ ಇರೋದು ಅಲ್ವಾ, ಅಪ್ಪನದು ಅಮ್ಮನದರ ನಕಲು ಹೇಗಾಗುತ್ತೆ?" ಅಂದಳು. ನಾನು ಹಿಂದಿಗೆ ತಿರುಗಿಸಿ ಹೇಳಿದೆ. ಆ ಹುಡುಗ "ಅರೇ ಹೌದು" ಅಂತ ಹಣೆ ಬಡಿದುಕೊಂಡ.

ಗಂಟು ಎಣಿಸಿದರು, ನಾಲ್ಕು. ದಾರ ಎಣಿಸಿದರು, ಎಂಟು. ಹಾಗಾದರೆ 92 ತಪ್ಪು ಅಂತ ಎಲ್ಲರೂ ಒಪ್ಪಿಕೊಂಡರು. ಆಮೇಲೆ ಗಂಟು ಬಿಚ್ಚಿ ಎರಡು ಕಡೆಗೆ ಎಳೆಯುವಾಗ ಆ ಸ್ಕೆಚ್ ಪೆನ್ ಹುಡುಗಿ ಇದ್ದಕ್ಕಿದ್ದ ಹಾಗೆ ಎದ್ದು ನಿಂತು, "ದೀದಿ, ಈಗ ಎಂಟು! ಒಂದೊಂದು ದಾರವೂ ಈಗ ಬೇರೆ ಕ್ರೋಮೋಸೋಮ್! ಮನುಷ್ಯನಲ್ಲಿ 92 ಬರುವುದು ಇಲ್ಲಿ!" ಅಂದಳು. ನಾನು ಯಾವತ್ತೂ ಹಾಗೆ ಯೋಚಿಸಿರಲಿಲ್ಲ. ಅನಾಫೇಸ್‌ನಲ್ಲಿ, ಅಂದರೆ ದಾರಗಳು ಎರಡು ಕಡೆಗೆ ಸರಿಯುವ ಹಂತದಲ್ಲಿ, ಕೋಶ ಇನ್ನೂ ಒಂದೇ ಇರುವಾಗ, ಸ್ವಲ್ಪ ಹೊತ್ತು 92 ನಿಜ. ಅವರ ಉತ್ತರ ತಪ್ಪಿದ್ದದ್ದು ಹೊತ್ತಿನಲ್ಲಿ, ಎಣಿಕೆಯಲ್ಲಲ್ಲ. ಪುಣೆ ಮೇಡಂ ಹೇಳಿದಂಥ ಡೌಟ್ ನೋಟ್‌ಬುಕ್ ನಾವೂ ಇಟ್ಟಿದ್ದೇವೆ, ಅದರಲ್ಲಿ ಇದನ್ನು ಬರೆದೆವು. ನಮ್ಮ ಮೇಡಂ ಪಕ್ಕದಲ್ಲಿ ದೊಡ್ಡದಾಗಿ ಸರಿ ಗುರುತು ಹಾಕಿ ಕಳಿಸಿದರು. ಸ್ಕೆಚ್ ಪೆನ್ ಹುಡುಗಿ ಅದರ ಫೋಟೋ ತೆಗೆದುಕೊಂಡಳು.

ಕಷ್ಟ ಇನ್ನೂ ಇದೆ. ಸುಮ್ಮನಿರುವುದು ನನಗೆ ಬಹಳ ಕಷ್ಟ, ಎರಡನೇ ವಾರ ತಡೆಯಲಾಗದೆ ಹತ್ತು ನಿಮಿಷ ನಾನೇ ಹೇಳಿಬಿಟ್ಟೆ. ಮೂರು ಸಾಲು ಇಂಗ್ಲಿಷ್ ಬರೆಯುವಾಗ ಒಬ್ಬ ಪಕ್ಕದವನದನ್ನೇ ನೋಡಿ ಬರೆಯುತ್ತಾನೆ. ನಮ್ಮ ಹುಡುಗಿ ಮಾತ್ರ ಈ ವಾರ ಮೂರರ ಬದಲು ಐದು ಸಾಲು ಬರೆದಿದ್ದಾಳೆ.

ಮುಂದಿನ ಮಂಗಳವಾರ ಗ್ಲೈಕಾಲಿಸಿಸ್, ಅಂದರೆ ಕೋಶದಲ್ಲಿ ಗ್ಲೂಕೋಸ್ ಒಡೆಯುವುದು. ಹತ್ತು ಹಂತ, ಹತ್ತು ಎಂಜೈಮಿನ ಹೆಸರು, ಮಕ್ಕಳು ಈಗಲೇ ಹೆದರಿದ್ದಾರೆ. ದಾರದ ಹಾಗೆ ಕೈಯಲ್ಲಿ ಹಿಡಿಯುವಂಥದ್ದು ಏನಾದರೂ ಇದೆಯಾ ಮೇಡಂ?

ಪುಣೆ_ಬಾಟನಿ

ಹುಣಸೆ ಬೀಜ. ಆರು ಬೀಜ ಸಾಲಾಗಿಟ್ಟರೆ ಗ್ಲೂಕೋಸ್, ಒಂದು ಬೀಜಕ್ಕೆ ಒಂದು ಕಾರ್ಬನ್. ಎಟಿಪಿಗೆ (ಕೋಶ ಶಕ್ತಿಗೆ ಅಂತ ಖರ್ಚು ಮಾಡುವ ಅಣು) ಹುರಿಗಡಲೆ ಇಟ್ಟುಕೋ. ಮೊದಲು ಎರಡು ಕಡಲೆ ಅವರೇ ನಿನ್ನ ಕೈಗೆ ಕೊಡಬೇಕು, ಕೊನೆಗೆ ನಾಲ್ಕು ವಾಪಸ್ ಸಿಗುತ್ತದೆ. ಆರು ಬೀಜ ಮೂರು ಮೂರಾಗಿ ಯಾವ ಹಂತದಲ್ಲಿ ಒಡೆಯುತ್ತದೆ ಅಂತ ಅವರೇ ಹುಡುಕಲಿ. ಎಂಜೈಮಿನ ಹೆಸರು ಮೊದಲ ದಿನ ಬೇಡ. ಕಡಲೆ ಮಾತ್ರ ಜಾಸ್ತಿ ತಗೊಂಡು ಹೋಗು, ಊಟದ ಹೊತ್ತು.